ಅತ್ತೆ ಬೇಲದ ಮರ ಹತ್ತಿದ ದಿನ

ಹೊಸ ಮನೆಗೆ ಬಂದ ಮೂರನೆಯ ದಿನ ಮಧ್ಯಾಹ್ನ ನಮ್ಮ ಬಚ್ಚಲುಮನೆಯ ತಗಡಿನ ಮೇಲೆ ಕಲ್ಲು ಬಿತ್ತು. ಢಣ್ ಎಂದು ಒಂದು. ನಾವು ಕಿವಿಗೊಟ್ಟು ಕೇಳುತ್ತಿರುವಾಗಲೇ ಇನ್ನೊಂದು. ಎರಡನೆಯದು ತಗಡಿನ ಇಳಿಜಾರಿನಲ್ಲಿ ಗಡಗಡ ಉರುಳಿ ಹಿತ್ತಲಿನ ಮಣ್ಣಿಗೆ ದೊಪ್ಪನೆ ಬಿತ್ತು. ಅನ್ನ ಬಸಿಯುತ್ತಿದ್ದ ಅಮ್ಮ ತಪ್ಪಲೆಯನ್ನು ಹಾಗೇ ಬಿಟ್ಟು ನನ್ನ ತೋಳು ಹಿಡಿದುಕೊಂಡಳು.

"ಯಾರೋ ಕಲ್ಲು ಹೊಡೀತಿದಾರೆ ಕಣೇ," ಎಂದಳು.

ಹೊಡೆಯಲು ಅಲ್ಲಿ ಯಾರಿದ್ದರು? ಐವತ್ತರ ದಶಕದ ಕೊನೆಯ ಜಯನಗರ ಅದು. ನಮ್ಮ ರಸ್ತೆಯಲ್ಲಿ ಎದ್ದಿದ್ದು ನಾಲ್ಕೇ ಮನೆ. ಉಳಿದದ್ದೆಲ್ಲ ಮೂಲೆಗೆ ಕಲ್ಲು ನೆಟ್ಟು ನಂಬರು ಬರೆದ ಖಾಲಿ ಸೈಟುಗಳು. ಹಿಂದಿನ ಬೆಳೆಯ ರಾಗಿ ಕೂಳೆ ಇನ್ನೂ ಅಂಗಾಲಿಗೆ ಚುಚ್ಚುತ್ತಿತ್ತು. ಬಸವನಗುಡಿಯ ವಠಾರದಲ್ಲಿ ಎಂಟು ಸಂಸಾರಗಳ ಗಲಾಟೆಯ ನಡುವೆ ಬದುಕಿದ್ದ ಅಮ್ಮನಿಗೆ ಈ ಬಯಲಿನ ಮೌನವೇ ಸಾಕಾಗಿತ್ತು ಹೆದರಲು. ಈಗ ಕಲ್ಲು ಬೇರೆ.

"ಭಾನಾಮತಿ. ಖಂಡಿತ ಭಾನಾಮತಿ. ಯಾರದೋ ಹೊಲದಲ್ಲಿ ಮನೆ ಕಟ್ಟಿದೀವಿ, ಶಾಪ ಹಾಕಿದಾರೆ. ಇವತ್ತೇ ವಠಾರಕ್ಕೆ ವಾಪಸ್ ಹೋಗೋಣ."

ಆಗ ಹಿತ್ತಲ ಬಾಗಿಲಿನಿಂದ ಅತ್ತೆ ಒಳಗೆ ಬಂದರು. ಅತ್ತೆ ಎಂದರೆ ಅಪ್ಪನ ಅಕ್ಕ. ಅಪ್ಪನಿಗಿಂತ ಎಂಟು ವರ್ಷ ದೊಡ್ಡವರು, ಬಾಲವಿಧವೆ. ನನಗೆ ಬುದ್ಧಿ ತಿಳಿದಾಗಿನಿಂದಲೂ ಅವರನ್ನು ನೋಡಿದ್ದು ಒಂದೇ ರೂಪದಲ್ಲಿ: ಬೋಳಿಸಿದ ತಲೆ, ಅದರ ಮೇಲೆ ಹೊದ್ದ ಕೆಂಪು ಸೀರೆಯ ಸೆರಗು, ಯಾರನ್ನೂ ನೇರವಾಗಿ ನೋಡದ ಕಣ್ಣು. ಮನೆಯ ಮಡಿ ಅಡುಗೆಯೆಲ್ಲ ಅವರದು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ಅವರ ಕೈಯಲ್ಲಿ ಬೂದು ಬಣ್ಣದ, ಕ್ರಿಕೆಟ್ ಚೆಂಡಿನ ಗಾತ್ರದ ಒಂದು ಗುಂಡು ಇತ್ತು.

"ತಗೋ, ನಿನ್ನ ಭಾನಾಮತಿ," ಎಂದು ಅದನ್ನು ಅಮ್ಮನ ಮುಂದೆ ನೆಲದ ಮೇಲೆ ಉರುಳಿಸಿದರು. "ಬೇಲದ ಹಣ್ಣು. ಹಿತ್ತಲಲ್ಲಿ ಇಷ್ಟು ದೊಡ್ಡ ಮರ ಇದೆ, ಕಣ್ಣಿಗೆ ಬೀಳಲಿಲ್ವೇ?"

ಅಷ್ಟು ಹೇಳಿ ಅವರು ನಕ್ಕುಬಿಟ್ಟರು. ಬಾಯಿಗೆ ಸೆರಗು ಅಡ್ಡ ಹಿಡಿದರೂ ತಡೆಯಲಾಗದೆ, ಭುಜ ಕುಣಿಯುವ ಹಾಗೆ. ನನಗೆ ಆಗ ಒಂಬತ್ತು ವರ್ಷ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕಲ್ಲು ಬಿದ್ದಾಗ ಆದದ್ದಕ್ಕಿಂತ ಹೆಚ್ಚಿನ ಗಾಬರಿ ನನಗೆ ಆ ನಗು ಕೇಳಿ ಆಯಿತು.

ಮರವನ್ನು ನಾವು ನೋಡಿರಲಿಲ್ಲವೆಂದಲ್ಲ. ಮೂಲೆಯಲ್ಲಿ ಯಾವುದೋ ಮುಳ್ಳಿನ ಮರ, ನೆರಳಿಗಿರಲಿ ಎಂದು ಮನೆ ಕಟ್ಟಿಸುವಾಗ ಅಪ್ಪ ಉಳಿಸಿದ್ದರು. ಅವರು ಸರ್ಕಾರಿ ಕಚೇರಿಯ ಗುಮಾಸ್ತರು. ಮರ ಗಿಡದ ಗೊಡವೆ ಅವರಿಗೆ ಇರಲಿಲ್ಲ. ಅದು ಏನು, ಯಾವುದಕ್ಕೆ ಬರುತ್ತದೆ ಎಂದು ಮನೆಯಲ್ಲಿ ತಿಳಿದದ್ದು ಅತ್ತೆಯೊಬ್ಬರಿಗೇ.

ಆ ದಿನದಿಂದ ಅತ್ತೆ ಹಿತ್ತಲಿಗೆ ಹೋಗುವುದು ಹೆಚ್ಚಾಯಿತು. ಬಿದ್ದ ಹಣ್ಣನ್ನು ಎದೆಯ ಎತ್ತರದಿಂದ ಕೈಬಿಟ್ಟು ನೋಡುತ್ತಿದ್ದರು. ಪುಟಿದರೆ ಕಾಯಿ, ದೊಪ್ಪೆಂದು ಕೂತರೆ ಹಣ್ಣು. ಕಾಯಿಯಾದರೆ ಹುಲ್ಲಿನಲ್ಲಿ ಮುಚ್ಚಿಟ್ಟು ಕಾಯಬೇಕು. ಹಣ್ಣಾದರೆ ಒರಳುಕಲ್ಲಿನ ಅಂಚಿಗೆ ಕುಟ್ಟಿ ಓಡು ಒಡೆಯಬೇಕು. ಒಳಗೆ ಕಂದು ಬಣ್ಣದ ತಿರುಳು, ಹುಳಿ ಸಿಹಿ ಒಗರು ಸೇರಿದ ವಾಸನೆ, ಮೂಗಿಗೆ ಹತ್ತಿರ ತಂದರೆ ತಲೆ ತಿರುಗಿಸುವಷ್ಟು ಗಾಢ. ಮೊದಲು ಅಮ್ಮ ಮುಖ ಸಿಂಡರಿಸಿದಳು. ಅತ್ತೆ ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಪಾನಕ ಮಾಡಿಕೊಟ್ಟ ಮೇಲೆ ಎರಡನೆಯ ಲೋಟಕ್ಕೆ ಕೈಯೊಡ್ಡಿದಳು. ಕಾಯಿಯಿಂದ ಒಗ್ಗರಣೆ ಹಾಕಿದ ಚಟ್ನಿ, ಹಣ್ಣಿನಿಂದ ಗೊಜ್ಜು. ಕಾಂಡದಿಂದ ಒಸರುವ ಅಂಟನ್ನು ನೀರಿನಲ್ಲಿ ನೆನೆಸಿ ಸೀಸೆಯಲ್ಲಿಟ್ಟು, ಲಕೋಟೆ ಅಂಟಿಸಲು ಅಪ್ಪನಿಗೆ ಕೊಟ್ಟರು. ಖಾಲಿಯಾದ ಓಡನ್ನು ಉಜ್ಜಿ ಒಣಗಿಸಿ ನನಗೆ ಕುಂಕುಮದ ಬಟ್ಟಲು ಮಾಡಿಕೊಟ್ಟರು. ತಾವು ಮುಟ್ಟದ ಕುಂಕುಮಕ್ಕೆ ಬಟ್ಟಲು ಮಾಡುತ್ತಿದ್ದಾರೆಂಬುದು ಆಗ ನನಗೆ ಹೊಳೆಯಲಿಲ್ಲ.

"ಇದೆಲ್ಲ ಎಲ್ಲಿ ಕಲಿತಿರಿ ಅತ್ತೆ?" ಎಂದು ಕೇಳಿದರೆ, "ಊರಲ್ಲಿ ಇತ್ತು ಒಂದು ಮರ," ಎನ್ನುತ್ತಿದ್ದರು. ಅಷ್ಟೇ.

ಮೊದಲ ವರ್ಷವೇ ನಮ್ಮ ಮನೆಗೆ ಗೌಡರು ಬಂದರು. ಸುದ್ದಗುಂಟೆಪಾಳ್ಯದವರು. ನಮ್ಮ ಮನೆ ಎದ್ದ ನೆಲ ಮೊದಲು ಅವರ ಹೊಲವಾಗಿತ್ತು. ಅರವತ್ತರ ಹತ್ತಿರದ ವಯಸ್ಸು, ತಲೆಗೆ ವಸ್ತ್ರ, ಬಗಲಲ್ಲಿ ಖಾಲಿ ಚೀಲ. ಗೇಟಿನ ಹೊರಗೇ ನಿಂತು, "ಅಮ್ಮಾವ್ರೇ, ನಾಕು ಬೇಲದಣ್ಣು ಆಯ್ಕೊಂಡು ಓಗ್ಲಾ? ನಮ್ಮನೇಲಿ ಅಬ್ಬಕ್ಕೆ ಬೇಕು," ಎಂದರು. ತಮ್ಮದೇ ಆಗಿದ್ದ ಮರದ ಹಣ್ಣನ್ನು ಕೇಳಿ ಪಡೆಯಬೇಕಾದ ಸಂಕೋಚ ಅವರಿಗಿತ್ತೋ ಇಲ್ಲವೋ, ಅಮ್ಮನಿಗೆ ಮಾತ್ರ ನಾಚಿಕೆಯಾಗಿ ಕಾಫಿ ಮಾಡಿಕೊಟ್ಟಳು. ಅಲ್ಲಿಂದ ಪ್ರತಿ ವರ್ಷ ಬಂದರು. ಅತ್ತೆ ಮೊದಮೊದಲು ಬಾಗಿಲ ಮರೆಯಿಂದ ಅಮ್ಮನ ಮೂಲಕ ಮಾತನಾಡಿಸಿದವರು, ಎರಡನೆಯ ವರ್ಷಕ್ಕೆ ನೇರವಾಗಿಯೇ ಮಾತಾಡಿದರು.

"ಇದ್ರ ಜೊತೇಲಿ ಇನ್ನೊಂದಿತ್ತು ಅಮ್ಮಾವ್ರೇ," ಎಂದು ಗೌಡರು ಹೇಳಿದ್ದು ನೆನಪಿದೆ. "ನಮ್ಮಪ್ಪ ಕಡಿಸಿ ಗಾಣಕ್ಕೆ ಕೊಟ್ರು. ಬೇಲದ ಮರ ಅಂದ್ರೆ ಕಬ್ಬಿಣ. ಅಷ್ಟು ವರ್ಷ ಎಣ್ಣೆ ಅರೆದ್ರೂ ಸವೀಲಿಲ್ಲ. ನಮ್ಮ ಮನೆ ಒನಕೇನೂ ಅದ್ರದ್ದೇಯ."

ಒಂದು ಸಂಗತಿಯನ್ನು ಹೇಳಲೇಬೇಕು, ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ. ಆ ಮೊದಲ ಚಳಿಗಾಲದಲ್ಲಿ ಮರ ತನ್ನ ಎಲೆಯನ್ನೆಲ್ಲ ಉದುರಿಸಿ ನಿಂತಿತು. ಕೊಂಬೆ, ಮುಳ್ಳು, ಅಲ್ಲಲ್ಲಿ ತೂಗುವ ಬೂದುಗುಂಡುಗಳು, ಬೇರೇನೂ ಇಲ್ಲ. ಮರ ಸತ್ತಿತೆಂದುಕೊಂಡು ನಾನು ಓಡಿಬಂದು, ಅಡುಗೆಮನೆಯ ತುಂಬ ಕೇಳುವ ಹಾಗೆ, "ಅತ್ತೇ, ಮರ ನಿಮ್ಮ ಥರಾನೇ ಬೋಳಾಗಿಬಿಟ್ಟಿದೆ!" ಎಂದೆ.

ಅಮ್ಮನ ಕೈ ನನ್ನ ಕೆನ್ನೆಗೆ ಬಂದದ್ದೇ ಗೊತ್ತಾಗಲಿಲ್ಲ. ಮರುಕ್ಷಣ ಅತ್ತೆ ನಡುವೆ ಬಂದರು. ಮಡಿಯಲ್ಲಿದ್ದರೂ ನನ್ನನ್ನು ಹಿಡಿದು ತಮ್ಮ ಹಿಂದೆ ಎಳೆದುಕೊಂಡರು.

"ಹೊಡೀಬೇಡ. ನಿಜ ತಾನೇ ಹೇಳಿದ್ದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸತ್ತಿಲ್ಲ ಅದು. ಇನ್ನು ಸ್ವಲ್ಪ ದಿನಕ್ಕೆ ಚಿಗುರತ್ತೆ, ನೋಡ್ತಿರು," ಎಂದು ಮತ್ತೆ ಸ್ನಾನಕ್ಕೆ ಹೋದರು. ನನ್ನನ್ನು ಮುಟ್ಟಿ ಮೈಲಿಗೆಯಾಗಿತ್ತಲ್ಲ.

ನಾಲ್ಕು ವರ್ಷ ಹೀಗೆ ಕಳೆಯಿತು. ನಮ್ಮ ಸುತ್ತಲಿನ ಸೈಟುಗಳಲ್ಲಿ ಒಂದೊಂದೇ ಮನೆ ಎದ್ದಿತು. ಅಣ್ಣ ಕಾಲೇಜಿಗೆ ಸೇರಿದ. ಓದಲು ಪ್ರತ್ಯೇಕ ಕೋಣೆ ಬೇಕೆಂದು ಹಠ ಹಿಡಿದ. ಕೋಣೆ ಕಟ್ಟಲು ಜಾಗವಿದ್ದದ್ದು ಹಿತ್ತಲಿನ ಆ ಮೂಲೆಯಲ್ಲಿ ಮಾತ್ರ. ಅಪ್ಪ ಗೌಡರಿಗೆ ಹೇಳಿಕಳಿಸಿದರು. ಅವರ ಊರಿನ ಇನ್ನೊಂದು ಗಾಣಕ್ಕೆ ಆಗ ಮರ ಬೇಕಾಗಿತ್ತು. ಕಡಿಯುವ ಆಳುಗಳನ್ನು ಗೌಡರು ಕರೆತರುವುದು, ಮರವನ್ನು ಅವರೇ ಒಯ್ಯುವುದು ಎಂದು ಮಾತಾಯಿತು.

ಅತ್ತೆ ಊಟ ಬಡಿಸುತ್ತಾ ಕೇಳಿದರು: "ರಾಮನವಮಿ ಆಗೋವರೆಗೆ ಬಿಡ್ತೀಯೇನೋ? ಇದೊಂದು ಸಲ ಹಣ್ಣು ಸಿಗತ್ತೆ."

"ಆಯ್ತು ಅಕ್ಕ, ಅದಕ್ಕೇನು," ಎಂದರು ಅಪ್ಪ, ಸಾರು ಕಲಸುತ್ತಾ.

ಶಿವರಾತ್ರಿ ಕಳೆದ ವಾರ, ಒಂದು ಬೆಳಗ್ಗೆ, ಗೌಡರು ಇಬ್ಬರು ಆಳುಗಳೊಡನೆ ಬಂದು ನಿಂತರು. ಅವರ ಹೆಗಲ ಮೇಲೆ ಕೊಡಲಿ, ಹಗ್ಗ, ಇಬ್ಬರು ಹಿಡಿದೆಳೆಯುವ ಉದ್ದನೆಯ ಗರಗಸ. ಆಳುಗಳು ಮಾರನೆಯ ದಿನದಿಂದ ಕನಕಪುರದ ಕಡೆ ಎಲ್ಲೋ ಕೆಲಸಕ್ಕೆ ಹೋಗುವವರು, ಇವತ್ತು ಬಿಟ್ಟರೆ ಎರಡು ತಿಂಗಳು ಸಿಗುವುದಿಲ್ಲ ಎಂದರು. ಅಪ್ಪ ಕಚೇರಿಗೆ ಹೊರಟು ಒಂದು ಕಾಲು ಚಪ್ಪಲಿಯೊಳಗೆ ಇಟ್ಟಿದ್ದರು.

"ಸರಿ, ಶುರು ಮಾಡಿ," ಎಂದು ಹೇಳಿ ಹೊರಟುಹೋದರು. ಅತ್ತೆಯ ಕಡೆ ನೋಡಲೂ ಇಲ್ಲ. ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ ಎಂಬ ಎಣಿಕೆಯೂ ಅವರಿಗಿರಲಿಲ್ಲ. ಮರೆತಿದ್ದರು, ಅಷ್ಟೆ.

ಅಂದು ನನಗೆ ಶಾಲೆಗೆ ರಜ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಅತ್ತೆ ಒಲೆಯ ಮುಂದಿನಿಂದ ಎದ್ದರು. ಸೌದೆಯನ್ನು ಹಿಂದಕ್ಕೆಳೆದು ಉರಿ ಆರಿಸಿದರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಬಿಗಿಯಾಗಿ ಕಚ್ಚೆ ಹಾಕಿದರು. ನನ್ನನ್ನು ದಾಟಿ ಹಿತ್ತಲಿಗೆ ಹೋದರು. ಬಟ್ಟೆ ಒಗೆಯುವ ಕಲ್ಲನ್ನು ಹತ್ತಿ, ಅಲ್ಲಿಂದ ಕಾಂಪೌಂಡಿನ ಮೋಟುಗೋಡೆಗೆ ಕಾಲಿಟ್ಟು, ಮರದ ಮೊದಲ ಕವಲನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಏನಾಗುತ್ತಿದೆ ಎಂದು ನನಗೆ ಅರ್ಥವಾಗುವ ಮೊದಲೇ ಅವರು ಮೇಲಿದ್ದರು.

ಐವತ್ತು ದಾಟಿದ ಹೆಂಗಸು. ತುಳಸಿಗೆ ನೀರು ಹಾಕುವಾಗಲೂ ಬೀದಿಯವರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದವರು. ಮರದಲ್ಲಿ ಒಂದು ಎಲೆ ಇಲ್ಲ. ಬರಿಯ ಕೊಂಬೆಗಳ ನಡುವೆ ಆ ಕೆಂಪು ಸೀರೆ ಇಡೀ ರಸ್ತೆಗೆ ಕಾಣುತ್ತಿತ್ತು. ಕಾಲು ಎಲ್ಲಿಡಬೇಕು, ಮುಳ್ಳಿನ ಕೊಂಬೆಯನ್ನು ಯಾವ ಕೈಯಿಂದ ಸರಿಸಬೇಕು ಎಂಬುದು ಅವರ ಮೈಗೆ ಗೊತ್ತಿತ್ತು. ನಾನು ತುರಿಯುವ ಮಣೆಯನ್ನು ಬಿಟ್ಟು ಓಡಿದೆ. ನನ್ನ ಹಿಂದೆ ಅಮ್ಮನ ಕೈಯಿಂದ ಹಾಲಿನ ಪಾತ್ರೆ ಬಿದ್ದ ಸದ್ದು ಕೇಳಿಸಿತು.

ಆಳುಗಳಿಬ್ಬರೂ ತಲೆ ತಗ್ಗಿಸಿ ನಿಂತುಬಿಟ್ಟರು. ಮೇಲೆ ನೋಡುವುದು ತಪ್ಪು, ನೋಡದೆ ಇರುವುದು ಹೇಗೆಂದು ತಿಳಿಯದು.

"ಏ ಮಗು, ಲಂಗ ಹಿಡಿ," ಎಂದು ಅತ್ತೆ ಮೇಲಿನಿಂದ ಕೂಗಿದರು.

ಅವರು ಕೂಗಿದ್ದನ್ನು ಕೇಳಿದ್ದೂ ಅದೇ ಮೊದಲು. ನಾನು ಲಂಗವನ್ನು ಜೋಳಿಗೆಯ ಹಾಗೆ ಹಿಡಿದೆ. ಕೈಗೆ ಸಿಕ್ಕ ಹಣ್ಣನ್ನೆಲ್ಲ ತಿರುಚಿ ಕಿತ್ತು ಒಂದೊಂದಾಗಿ ಬಿಟ್ಟರು. ಕೆಲವು ಲಂಗಕ್ಕೆ ಬಿದ್ದವು, ಕೆಲವು ನನ್ನ ಕಾಲ ಬಳಿ ಪುಟಿದವು. ಹಣ್ಣಿಗಾಗಿ ಹತ್ತಿದ್ದಾರೆ, ಮುಗಿದರೆ ಇಳಿಯುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಹಣ್ಣು ಮುಗಿಯಿತು. ಅತ್ತೆ ಇಳಿಯಲಿಲ್ಲ. ಇನ್ನೊಂದು ಕವಲು ಮೇಲೆ ಹೋಗಿ, ಕಾಂಡಕ್ಕೆ ಒರಗಿ ಕೂತರು.

"ಅಕ್ಕಾ, ಇಳೀರಿ ಅಕ್ಕಾ," ಎಂದಳು ಅಮ್ಮ. ಅವಳೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದಳು. "ಜನ ನೋಡ್ತಿದಾರೆ. ನಿಮ್ಮ ಕಾಲು ಹಿಡೀತೀನಿ, ಇಳೀರಿ."

"ಇಳಿ ಅಂತ ಮಾತ್ರ ನನಗೆ ಹೇಳ್ಬೇಡ."

ಅದು ಕೋಪದ ದನಿಯಲ್ಲ. ಅದಕ್ಕೇ ಅಮ್ಮ ಹೆದರಿದಳು. ಅತ್ತೆಗೆ ಬುದ್ಧಿಭ್ರಮಣೆಯಾಗಿದೆ ಎಂದು ನಿಶ್ಚಯಿಸಿ, ಅಪ್ಪನನ್ನು ಕರೆತರಲು ಅಣ್ಣನನ್ನು ಸೈಕಲ್ಲಿನಲ್ಲಿ ಓಡಿಸಿದಳು.

ಕಚೇರಿ ಇದ್ದದ್ದು ಪೇಟೆಯ ಆಚೆ. ಅವರು ಬರಲು ಒಂದೂವರೆ ಗಂಟೆಯಾದರೂ ಹಿಡಿದಿರಬೇಕು. ಅಷ್ಟರಲ್ಲಿ ಎದುರು ಮನೆಯವರು, ಪಕ್ಕದ ಕಟ್ಟಡದ ಕೆಲಸದ ಹೆಂಗಸರು, ಹಾಲಿನವನು, ಎಲ್ಲರೂ ಗೋಡೆಯ ಆಚೆ ಸೇರಿದರು. ಯಾರೋ ನಕ್ಕರು. ಗೌಡರು ಅವರ ಕಡೆ ತಿರುಗಿ, "ಏನ್ ನೋಡ್ತೀರಿ? ಓಗ್ರಿ ಅತ್ಲಾಗೆ," ಎಂದು ಗದರಿದರು. ಆಮೇಲೆ ಆಳುಗಳಿಗೆ, "ಕೊಡ್ಲಿ ಕೆಳಗಿಡ್ರಪ್ಪ. ಎಣ್ಣುಮಗಳು ಕುಂತಿರೋ ಮರಕ್ಕೆ ನಾವು ಕೈ ಆಕಂಗಿಲ್ಲ," ಎಂದು ಹೇಳಿ ತಾವು ಮರದ ಬುಡದಿಂದ ದೂರ, ಬೆನ್ನು ತಿರುಗಿಸಿ ಕುಕ್ಕರಗಾಲಿನಲ್ಲಿ ಕೂತರು. ಇವತ್ತಿಗೂ ಆ ಬೆನ್ನಿನ ನೆನಪಾದರೆ ಗೌರವವೆನಿಸುತ್ತದೆ.

ಅಪ್ಪ ಸೈಕಲ್ಲಿನ ಹಿಂದಿನ ಕ್ಯಾರಿಯರಿನಿಂದ ಇಳಿದು ನೇರವಾಗಿ ಹಿತ್ತಲಿಗೆ ಬಂದರು. ಕೋಟು ಬೆವರಿನಿಂದ ಒದ್ದೆಯಾಗಿತ್ತು. ಮೇಲೆ ನೋಡಿದರು.

"ಏನಕ್ಕ ಇದು? ತಲೆಗಿಲೆ ಕೆಟ್ಟಿದೆಯಾ? ಇಳಿ ಕೆಳಗೆ!"

ಅತ್ತೆ ಅವರನ್ನೇ ನೋಡಿದರು. ಆಮೇಲೆ, "ಆವತ್ತೂ ನೀನೇ ಕರೆದಿದ್ದು," ಎಂದರು.

"ಯಾವತ್ತು?"

"ಊರಲ್ಲಿ. ಕೊಟ್ಟಿಗೆ ಹಿಂದೆ ಬೇಲದ ಮರ ಇತ್ತಲ್ಲ, ಅದರ ಮೇಲೆ ಇದ್ದೆ. ನಿನಗೆ ಐದು ವರ್ಷ. ನಾನು ಇವಳಷ್ಟಿದ್ದೆ." ಅವರ ಬೆರಳು ನನ್ನ ಕಡೆ ಬಂತು. "ಅವರು ಹೋದ ಸುದ್ದಿ ಬಂದಿತ್ತು. ನನಗೆ ಗೊತ್ತಿಲ್ಲ. ಮದುವೆ ದಿನ ಬಿಟ್ರೆ ನಾನು ಅವರ ಮುಖಾನೂ ಸರಿಯಾಗಿ ನೋಡಿರಲಿಲ್ಲ. ಮನೆಯವರೆಲ್ಲ ಒಳಗೆ ಸೇರಿ, ನಿನ್ನನ್ನ ಕಳಿಸಿದ್ರು. ನೀನು ಬಂದು ಬುಡದಲ್ಲಿ ನಿಂತ್ಕೊಂಡು, 'ಅಕ್ಕಾ, ಇಳಿ, ಅಮ್ಮ ಕಡುಬು ಮಾಡಿದಾಳೆ' ಅಂದೆ. ಹಾಗೆ ಹೇಳು ಅಂತ ಅವರೇ ಹೇಳ್ಕೊಟ್ಟಿದ್ರು."

"ನಾನು ಇಳಿದೆ. ಒಳಗೆ ಹೋದೆ. ಕಡುಬು ಇರಲಿಲ್ಲ," ಎಂದರು ಅತ್ತೆ. "ಹತ್ತನೇ ದಿನ ತಲೆ ಬೋಳಿಸಿದ್ರು. ಆವತ್ತಿಂದ ಯೋಚಿಸ್ತಿದೀನಿ ಕಣೋ. ಇಳೀದೇ ಇದ್ದಿದ್ರೆ ಏನ್ಮಾಡ್ತಿದ್ರು ಅಂತ."

ನಾನು ಲಂಗದ ತುಂಬ ಹಣ್ಣು ಹಿಡಿದು ಹಾಗೇ ನಿಂತಿದ್ದೆ. ನನಗೆ ಆಗ ಹದಿಮೂರು. ಎರಡು ಜಡೆ, ತುದಿಗೆ ನೀಲಿ ಟೇಪು. ಇವಳಷ್ಟಿದ್ದೆ ಎಂದಾಗ ನನ್ನ ಕೈ ತಾನಾಗಿ ಜಡೆಯ ಕಡೆ ಹೋಯಿತು. ಹಣ್ಣುಗಳೆಲ್ಲ ನೆಲಕ್ಕೆ ಉರುಳಿದವು. ಅತ್ತೆ ಹುಟ್ಟಿದಾಗಿನಿಂದಲೇ ಹಾಗಿದ್ದರೇನೋ ಎಂಬಂತೆ ನಾನು ಬೆಳೆದಿದ್ದೆ. ಅವರಿಗೂ ಹದಿಮೂರು ವರ್ಷವಾಗಿತ್ತು, ಅವರಿಗೂ ಜಡೆ ಇತ್ತು, ಅದನ್ನು ಯಾರೋ ಕೂರಿಸಿ ಕತ್ತರಿಸಿದ್ದರು ಎಂಬುದು ಅಂದಿನವರೆಗೆ ನನ್ನ ತಲೆಗೆ ಬಂದೇ ಇರಲಿಲ್ಲ.

"ನನಗೆ ನೆನಪಿಲ್ಲ ಅಕ್ಕ," ಎಂದರು ಅಪ್ಪ ಕೊನೆಗೆ. ಅವರ ದನಿ ಗುರುತು ಹತ್ತದಷ್ಟು ಸಣ್ಣದಾಗಿತ್ತು. "ದೇವರಾಣೆಗೂ ನೆನಪಿಲ್ಲ."

"ನಿನಗೆ ಹೇಗೆ ನೆನಪಿರತ್ತೆ?"

ಅಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಕೋಟು ಬಿಚ್ಚಲಿಲ್ಲ, ಟೋಪಿ ತೆಗೆಯಲಿಲ್ಲ. ಮತ್ತೆ ಇಳಿ ಎನ್ನಲಿಲ್ಲ. ಗೌಡರು ಎದ್ದು, ಆಳುಗಳಿಗೆ ಸನ್ನೆ ಮಾಡಿ, ಗರಗಸವನ್ನು ಹೊರಿಸಿಕೊಂಡು ಸದ್ದಿಲ್ಲದೆ ಹೊರಟುಹೋದರು. ಗೋಡೆಯಾಚೆಯ ಜನರೂ ಚದುರಿದರು. ಬಿಸಿಲು ನೆತ್ತಿಗೆ ಬಂತು. ಅಮ್ಮ ಒಳಗೂ ಹೋಗದೆ ಹೊರಗೂ ಬರದೆ ಬಾಗಿಲಲ್ಲಿ ಅಳುತ್ತಾ ನಿಂತಿದ್ದಳು.

ತುಂಬ ಹೊತ್ತಿನ ಮೇಲೆ ಅತ್ತೆ, "ಯಾರೂ ಕೈ ಕೊಡಬೇಡಿ, ನಾನೇ ಬರ್ತೀನಿ," ಎಂದರು. ಹತ್ತಿದಷ್ಟೇ ಸಲೀಸಾಗಿ ಇಳಿದರು. ಮೊಣಕೈ, ಮುಂಗಾಲು ಮುಳ್ಳು ಗೀರಿ ರಕ್ತವಾಗಿತ್ತು. ಅಮ್ಮ ಅವರನ್ನು ಜಗಲಿಯ ಮೇಲೆ ಕೂರಿಸಿ, ಪಿನ್ನಿನಿಂದ ಮುಳ್ಳು ತೆಗೆದು ಅರಿಶಿನ ಹಚ್ಚಿದಳು. ಮಡಿ ಮೈಲಿಗೆಯ ಮಾತು ಅಂದು ಇಬ್ಬರೂ ಎತ್ತಲಿಲ್ಲ. ಮಧ್ಯಾಹ್ನದ ಅಡುಗೆ ಯಾರೂ ಮಾಡಲಿಲ್ಲ. ಅವಲಕ್ಕಿ ಮೊಸರು ತಿಂದೆವು.

ಇದು ಅಲ್ಲಿಗೆ ಮುಗಿಯಿತೆಂದು ನಾವು ತಿಳಿದಿದ್ದೆವು. ಅತ್ತೆಯ ತಲೆ ಬೋಳಿಸಲು ತಿಂಗಳಿಗೊಮ್ಮೆ ಹಿತ್ತಲಿಗೆ ಬರುತ್ತಿದ್ದ ಮುದುಕ ಕ್ಷೌರಿಕ ಎರಡು ವಾರದ ಮೇಲೆ ಎಂದಿನಂತೆ ಬಂದ. ಅತ್ತೆ ಅವನಿಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಎರಡು ಬೇಲದ ಹಣ್ಣು ಕೊಟ್ಟು, "ಇನ್ನು ಬರೋದು ಬೇಡಪ್ಪ," ಎಂದರು. ಅವನು ತಪ್ಪು ಕೇಳಿಸಿಕೊಂಡೆನೇನೋ ಎಂದು ಅಮ್ಮನ ಮುಖ ನೋಡಿದ. ಅಮ್ಮ ಅಪ್ಪನ ಮುಖ ನೋಡಿದಳು.

"ಅಕ್ಕನ ಇಷ್ಟ," ಎಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ. ಪೇಪರು ತಲೆಕೆಳಗಾಗಿತ್ತು.

ಅತ್ತೆಯ ತಲೆಯಲ್ಲಿ ಮೊದಲು ಬೂದಿ ಸವರಿದಂತೆ ಕಂಡದ್ದು ಕ್ರಮೇಣ ಬಿಳಿಯ ಹುಲ್ಲಿನಂತಾಯಿತು. ಆ ವರ್ಷ ತಾತನ ತಿಥಿಗೆ ಅಪ್ಪನ ದಾಯಾದಿಗಳಲ್ಲಿ ಹಿರಿಯರೊಬ್ಬರು ಬಂದರು. ಬಡಿಸಲು ಬಂದ ಅತ್ತೆಯ ಸೆರಗು ಜಾರಿ, ಅವರ ಕಣ್ಣು ಆ ಕೂದಲಿನ ಮೇಲೆ ಬಿತ್ತು. ಎಲೆಯ ಮುಂದಿನಿಂದ ಎದ್ದು ನಿಂತರು.

"ಈ ಕೈಯಡುಗೆ ನಾನು ಉಣ್ಣೋದಿಲ್ಲ. ನಿನ್ನ ಅಪ್ಪನಿಗೂ ಇದು ಮುಟ್ಟೋದಿಲ್ಲ, ತಿಳ್ಕೊ."

ಅಪ್ಪ ಹಿರಿಯರ ಎದುರು ನಿಂತು ಮಾತಾಡಿದವರಲ್ಲ. ನಾನು ಅತ್ತೆಯನ್ನೇ ಒಳಗೆ ಕಳಿಸುತ್ತಾರೆಂದುಕೊಂಡೆ.

"ಹಾಗಿದ್ರೆ ಉಣ್ಣಬೇಡಿ," ಎಂದರು ಅಪ್ಪ.

ಹೇಳಿದ್ದು ತಾವೇ ಎಂದು ನಂಬಲಾಗದವರಂತೆ ಅವರು ಗೋಡೆ ಹಿಡಿದುಕೊಂಡರು. ಬಂದವರು ಉತ್ತರೀಯ ಕೊಡವಿ ಹೊರಟುಹೋದರು. ಪುರೋಹಿತರೂ ಅವರ ಹಿಂದೆ ಎದ್ದರು. ಆ ಮೇಲೆ ಬಂಧುಗಳ ಎಷ್ಟೋ ಮದುವೆ ಮುಂಜಿಗೆ ನಮಗೆ ಕರೆಯೇ ಬರಲಿಲ್ಲ. ಇದರ ಪೆಟ್ಟು ಹೆಚ್ಚು ತಗುಲಿದ್ದು ಅಮ್ಮನಿಗೆ. "ನಾಳೆ ಇವಳ ಮದುವೆ ಗತಿಯೇನು? ಯಾರು ಬರ್ತಾರೆ ನಮ್ಮನೆ ಬಾಗಿಲಿಗೆ?" ಎಂದು ಅತ್ತೆಗೆ ಕೇಳಿಸುವಂತೆಯೇ ಅನ್ನುತ್ತಿದ್ದಳು. ಅತ್ತೆ ಕೇಳಿಸಿಕೊಳ್ಳುತ್ತಿದ್ದರು. ಕ್ಷೌರಿಕನನ್ನು ಮಾತ್ರ ಕರೆಸಲಿಲ್ಲ. ಒಂದೇ ಅಡುಗೆಮನೆಯಲ್ಲಿ ಅವರಿಬ್ಬರೂ ವಾರಗಟ್ಟಲೆ ಮಾತಿಲ್ಲದೆ ಇದ್ದದ್ದೂ ಉಂಟು. ಆ ದಿನಗಳು ಸುಖದವಾಗಿದ್ದವು ಎಂದು ಬರೆದರೆ ಸುಳ್ಳಾಗುತ್ತದೆ.

ಅಣ್ಣನ ಕೋಣೆ ಕೊನೆಗೆ ಮನೆಯ ಮುಂದಿನ ಜಗಲಿಯನ್ನೇ ಮುಚ್ಚಿ ಆಯಿತು. ಮರ ಇನ್ನೂ ಮೂರು ವರ್ಷ ನಿಂತಿತು. ಪಕ್ಕದ ಸೈಟಿನವರು ಪಾಯ ತೋಡುವಾಗ ಒಂದು ಕಡೆಯ ಬೇರನ್ನೆಲ್ಲ ಕಡಿದರು. ಮಳೆಗಾಲದಲ್ಲಿ ಮರ ನಮ್ಮ ಬಚ್ಚಲುಮನೆಯ ಮೇಲೆ ವಾಲಿತು. ಗೌಡರಿಗೆ ಹೇಳಿಕಳಿಸಿದ್ದು ಈ ಸಲ ಅತ್ತೆಯೇ.

"ಬಿದ್ದು ಯಾರ ತಲೆಯಾದ್ರೂ ಒಡೆದೀತು. ಕಡೀರಿ ಗೌಡ್ರೇ," ಎಂದರು.

ನನಗೆ ನಂಬಲಾಗಲಿಲ್ಲ. ಕಾಲೇಜಿನಿಂದ ಬಂದವಳು ಪುಸ್ತಕ ಎಸೆದು ಅತ್ತುಬಿಟ್ಟೆ. "ನೀವೇ ಕಡೀರಿ ಅಂದ್ರಾ? ನೀವೇನಾ ಅವತ್ತು ಮರ ಹತ್ತಿ ಕೂತಿದ್ದು?" ಎಂದು ಕೇಳಿದೆ.

ಅತ್ತೆಗೆ ನನ್ನ ಅಳುವೇ ವಿಚಿತ್ರವಾಗಿ ಕಂಡಿರಬೇಕು. "ನಾನು ಮರ ಉಳಿಸೋಕೆ ಹತ್ತಿದ್ದು ಅಂದ್ಕೊಂಡಿದೀಯಾ ಇಷ್ಟು ದಿನ?" ಎಂದರು.

ಕೊಡಲಿಯ ಮೊದಲ ಏಟಿಗೆ ಹಿಡಿದವನ ಕೈಯೇ ಜುಮ್ಮೆಂದಿತು. ಕಡಿದು ಮುಗಿಸಲು ಎರಡು ದಿನ ಬೇಕಾಯಿತು. ಒಳಗಿನ ಮರ ತಿಳಿ ಹಳದಿ, ಬೆಣ್ಣೆಯ ಹಾಗೆ ನುಣುಪು. ಗೌಡರು ಬೊಡ್ಡೆಯನ್ನು ಗಾಡಿಯಲ್ಲಿ ಗಾಣಕ್ಕೆ ಸಾಗಿಸಿದರು. ಉಳಿದ ತುಂಡಿನಿಂದ ಒಂದು ಕಡೆಗೋಲು ಮತ್ತು ಎರಡು ಒನಕೆ ಮಾಡಿಸಿ ತಂದುಕೊಟ್ಟರು. ಅವರು ನಮ್ಮ ಮನೆಗೆ ಬಂದದ್ದು ಅದೇ ಕೊನೆ. ಮಾರನೆಯ ವರ್ಷ ಅವರು ತೀರಿಕೊಂಡ ಸುದ್ದಿ ನಮಗೆ ತಡವಾಗಿ ತಿಳಿಯಿತು.

ಅಪ್ಪನಿಗೆ ಆ ದಿನ ಕೇಳಿದ ಮಾತು ಬಿಡಲೇ ಇಲ್ಲ. ಕಚೇರಿಯಿಂದ ಬಂದು ಕಾಫಿ ಕುಡಿಯುತ್ತಾ ಇದ್ದಕ್ಕಿದ್ದ ಹಾಗೆ, "ಅಕ್ಕ, ನಾನು ನಿಜವಾಗ್ಲೂ ಹಾಗಂದೆನಾ?" ಎಂದು ಕೇಳುತ್ತಿದ್ದರು. "ಕೊಟ್ಟಿಗೆ ನೆನಪಿದೆ, ಹಸುವಿನ ಬಣ್ಣ ನೆನಪಿದೆ. ಇದೊಂದು ಬರ್ತಾ ಇಲ್ಲ." ಅತ್ತೆ, "ಐದು ವರ್ಷದ ಕೂಸು ನೀನು, ಬಿಡೋ ಅದನ್ನ," ಎನ್ನುತ್ತಿದ್ದರು. ಕೆಲವು ತಿಂಗಳ ಮೇಲೆ ಅಪ್ಪ ಮತ್ತೆ ಕೇಳುತ್ತಿದ್ದರು.

ಅರವತ್ತರ ದಶಕ ಮುಗಿಯುತ್ತಾ ಬಂದಾಗ ನನಗೊಂದು ಸಂಬಂಧ ಬಂತು. ಹುಡುಗ, ಅವನ ಚಿಕ್ಕಪ್ಪ, ತಾಯಿ ಬಂದರು. ತಾಯಿ ವಿಧವೆ. ಐವತ್ತು ಇರಬಹುದು, ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಸೆರಗು. ಅವರು ಒಳಗೆ ಕಾಲಿಟ್ಟ ಕೂಡಲೇ ಅಮ್ಮನ ಮುಖ ಬಿಳಿಚಿಕೊಂಡಿತು. ಅತ್ತೆ ಆ ವೇಳೆಗೆ ಭುಜದವರೆಗೆ ಬಂದ ಬಿಳಿಯ ಕೂದಲನ್ನು ಸಣ್ಣ ಗಂಟು ಕಟ್ಟಿಕೊಳ್ಳುತ್ತಿದ್ದರು. ಒಳಗೇ ಇರಿ ಎಂದು ಅಮ್ಮ ಹೇಳಬೇಕೆಂದಿದ್ದಳು, ಹೇಳಲು ಧೈರ್ಯ ಬಂದಿರಲಿಲ್ಲ.

ಉಪ್ಪಿಟ್ಟು, ಕಾಫಿ ಆಯಿತು. ಗಂಡಸರು ಜಾತಕದ ಮಾತಿಗೆ ತೊಡಗಿದಾಗ ಆ ತಾಯಿ ನೀರು ಬೇಕೆಂದು ಎದ್ದು ನೇರವಾಗಿ ಅಡುಗೆಮನೆಗೆ ನಡೆದರು. ಅಲ್ಲಿ ಅತ್ತೆ ಇದ್ದರು. ಈಗ ಜಗಳವೇ ಆಗುತ್ತದೆಂದು ನಾನು ಬಾಗಿಲ ಹಿಂದೆ ನಿಂತೆ.

ಆಕೆ ನೀರಿನ ಲೋಟ ಹಿಡಿದು, ಕುಡಿಯದೆ, ಅತ್ತೆಯ ಗಂಟನ್ನೇ ನೋಡುತ್ತಾ ನಿಂತಿದ್ದರು.

"ಇಷ್ಟು ಬರೋಕೆ ಎಷ್ಟು ವರ್ಷ ಹಿಡೀತು?" ಎಂದು ಕೇಳಿದರು. ಪಿಸುಮಾತು ಅದು, ಹೊರಗಿನ ಗಂಡಸರಿಗೆ ಕೇಳಬಾರದೆಂಬ ಪಿಸುಮಾತು.

ಅತ್ತೆ ಒಲೆಯ ಕಡೆಯಿಂದ ತಿರುಗಿದರು.

"ಮೊದಲ ವರ್ಷ ತಲೆ ತುಂಬ ಕಡಿಯತ್ತೆ," ಎಂದರು. "ಕೊಬ್ಬರಿ ಎಣ್ಣೆ ಹಚ್ಚಿ."

ಆ ಸಂಬಂಧ ಕೂಡಿಬರಲಿಲ್ಲ. ಜಾತಕ ಹೊಂದಲಿಲ್ಲವೆಂದು ಒಂದು ಕಾರ್ಡು ಬಂತು. ಆಕೆಯನ್ನು ಮತ್ತೆ ನಾನು ಎಲ್ಲಿಯೂ ನೋಡಲಿಲ್ಲ.